ಮೂತಿಗೆ ಉಂಗುರ ಬೇಡ

ಜೂನ್ 3, ಬೆಳಿಗ್ಗೆ 6.10

ಸ್ಟೂಲ್ ಹಾಕಿ ಕೂತೆ. ಮೇವು ಇನ್ನೂ ಹಾಕಿಲ್ಲ. ಹನ್ನೆರಡು ಹಂದಿಗಳಲ್ಲಿ ಒಂಬತ್ತು ಮೂತಿಯಿಂದ ಮಣ್ಣು ಮಗುಚುತ್ತಿವೆ, ಎರಡು ಹುಲ್ಲು ಮೇಯುತ್ತಿವೆ. ಯಜಮಾನಿ — ಎಲ್ಲಕ್ಕಿಂತ ದಪ್ಪನೆಯವಳು — ನನ್ನನ್ನೇ ನೋಡುತ್ತಿದ್ದಾಳೆ.

ಭಾವ ಬೇಲಿಯಾಚೆಯಿಂದಲೇ ಹೇಳಿ ಹೋದರು. ಮುಂದಿನ ತಿಂಗಳು ಅಕ್ಕನ ಹಸುಗಳು ಇದೇ ಹುಲ್ಲಿಗೆ ಬರಬೇಕು. ಸಾವಯವ ಹೊಲ, ಚೀಲದ ಗೊಬ್ಬರ ಸುರಿದು ಹುಲ್ಲು ಎಬ್ಬಿಸುವಂತಿಲ್ಲ. ಹದಿನೈದನೇ ತಾರೀಕಿನೊಳಗೆ ಕೆದಕುವುದು ನಿಲ್ಲದಿದ್ದರೆ ದನದ ಡಾಕ್ಟರು ಬಂದು ಎಲ್ಲದರ ಮೂತಿಗೂ ಉಂಗುರ ಚುಚ್ಚುತ್ತಾರಂತೆ. ಆಮೇಲೆ ಕೆದಕಿದರೆ ನೋವು.

ಕೆದಕದ ಹಂದಿಯನ್ನು ಬಯಲಲ್ಲಿ ಸಾಕುವುದೇಕೆ? ಚುಚ್ಚಲು ಬಿಡುವುದಿಲ್ಲ.

ಜೂನ್ 5

ಹಸಿವಿಗೆ ಕೆದಕುತ್ತಿರಬಹುದು ಎಂದು ಮೇವು ಹೆಚ್ಚಿಸಿದೆ. ಹೊಟ್ಟೆ ತುಂಬ ತಿಂದು, ತೇಗಿ, ಮತ್ತೆ ಕೆದಕಿದವು. ಶುದ್ಧ ಮೊಂಡು. ಯಾರನ್ನು ನೋಡಿ ಕಲಿತವೋ ಎಂದು ಅಕ್ಕ ಕೇಳಿದಳು.

ಜೂನ್ 11

ಮೇವಿನ ತೊಟ್ಟಿಯನ್ನು ಮೂಲೆಗೆ ಎಳೆದು ಐದು ದಿನ. ಸೊಂಟ ಹೋಯಿತು, ಹಂದಿಗಳು ಜಾಗ ಬಿಡಲಿಲ್ಲ.

ಜೂನ್ 12

ಬೋಳಾದ ಜಾಗದ ನಕ್ಷೆ ಬರೆದೆ. ಅರ್ಧಚಂದ್ರಾಕಾರ. ನಟ್ಟನಡುವೆ ನಾಲ್ಕು ತೂತು... ನನ್ನ ಸ್ಟೂಲಿನ ಕಾಲಿನವು!

ಎಣಿಸಲು ಹತ್ತಿರ ಬರಲೆಂದು ದಿನಾ ಜೇಬಿನಿಂದ ಕಾಳು ಎರಚುತ್ತಿದ್ದೆ. ಎರಚಿದ್ದು ನಾನು, ಬೈಗುಳ ಅವಕ್ಕೆ. ನಾಚಿಕೆಯಾಯಿತು. ಅಕ್ಕನಿಗೆ ಹೇಳಿದೆ. ನಕ್ಕು ನಕ್ಕು ಬಕೆಟ್ ಮೇಲೆ ಕೂತಳು.

ಜೂನ್ 13

ಪಕ್ಕದಲ್ಲಿ ಕಿತ್ತು ಮುಗಿದ ಆಲೂಗಡ್ಡೆ ಹೊಲವಿದೆ. ಹೇಗೂ ಉಳಬೇಕು. ನಡುವೆ ಕರೆಂಟ್ ತಂತಿ ಎಳೆದು ಹಂದಿಗಳನ್ನು ಅಲ್ಲಿಗೆ ಬಿಟ್ಟೆ, ಕಾಳನ್ನೂ ಅಲ್ಲೇ ಎರಚಿದೆ. ಉಳಿದುಹೋದ ಗೆಡ್ಡೆಗಳ ವಾಸನೆ ಹಿಡಿದು ಶುರುಹಚ್ಚಿಕೊಂಡವು. ಭಾವನಿಗೆ ತೋರಿಸಿದೆ. ಹದಿನೈದು ಅಂದರೆ ಹದಿನೈದೇ ಎಂದರು.

ಜೂನ್ 15, ಬೆಳಿಗ್ಗೆ 7.40

ಡಾಕ್ಟರು ಬಂದರು, ಉಂಗುರದ ಡಬ್ಬಿ ಸಮೇತ. ಹನ್ನೊಂದು ಹಂದಿಗಳು ಆಲೂಗಡ್ಡೆ ಹೊಲದಲ್ಲಿ. ಅರ್ಧ ಹೊಲ ಉತ್ತಂತಾಗಿದೆ. ಭಾವ ಮಣ್ಣು ಹಿಡಿದು ನೋಡಿದರು.

ಯಜಮಾನಿ ಮಾತ್ರ ತಂತಿ ದಾಟಿ ಹುಲ್ಲಿನಲ್ಲಿ! ಅವಳೊಬ್ಬಳಿಗೆ ಚುಚ್ಚಿ ಎಂದರು ಭಾವ. ಡಬ್ಬಿ ತೆರೆಯಿತು. ನಾನು ಅಡ್ಡ ನಿಂತೆ.

"ಅವಳಿಗೆ ಈ ಚಾಳಿ ಕಲ್ಸಿದ್ದು ನಾನು ಭಾವ. ಬಿಡ್ಸೋದೂ ನಾನೇ. ಆಗ್ಲಿಲ್ಲ ಅಂದ್ರೆ ನಾನೇ ಹಿಡ್ಕೋತೀನಿ, ಚುಚ್ಚಿ."

ಭಾವ ಡಬ್ಬಿ ಮುಚ್ಚಿಸಿದರು.

"ಒಂದು ವಾರ."

ಸಾಕು. ಅವಳನ್ನು ಆಚೆಗೆ ಅಟ್ಟಿ, ತಂತಿ ಬಿಗಿದು, ಈಗ ತಂತಿಯ ಈಚೆ ಸ್ಟೂಲ್ ಹಾಕಿ ಕೂತು ಬರೆಯುತ್ತಿದ್ದೇನೆ. ಮಲಗಿದ್ದಳು. ಎದ್ದಳು. ತಂತಿಯ ಕಡೆಗೇ ಬರುತ್ತಿ—