ಕುಂಚಿಗೆ ಹಾಕುವ ಕೈ

ಮಿಶ್ರಿಕೋಟಿ
೨೦-೮-೧೯೭೪

ಮಗಳು ಮಾರ್ತವ್ವಳಿಗೆ ನಿನ್ನ ಅವ್ವನ ಆಶೀರ್ವಾದ. ಮರಿಯವ್ವ ತಾಯಿ ನಿನ್ನ ನೆತ್ತಿಯ ಮೇಲೆ ಸೆರಗು ಹೊದಿಸಿರಲಿ.

ಅಳಿಯಂದಿರ ಕಾಗದ ಬಂತು. ಕೂಸು ಹೋದಾಗಿನಿಂದ ನೀನು ಒಂದು ಹನಿ ಕಣ್ಣೀರು ಹಾಕಿಲ್ಲವಂತೆ. ಅದರ ತಲೆಗೆ ಕಟ್ಟುತ್ತಿದ್ದ ಕುಂಚಿಗೆಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತೀಯಂತೆ. ಹಬ್ಬಕ್ಕೆ ಬಂದು ಅದನ್ನು ಗುಡಿಯ ಮರಿಯವ್ವ ತಾಯಿಯ ಕೈಗೆ ಹಾಕಿದ ಮೇಲೆಯೇ ಅಳುತ್ತೇನೆ ಅಂದೆಯಂತೆ. ಓದಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ನೀನು ಬಂದು ನೋಡಿ ಎದೆ ಒಡೆದುಕೊಳ್ಳುವ ಮೊದಲು ನಾನೇ ಹೇಳಿಬಿಡುತ್ತೇನೆ: ತಾಯಿಯ ಕೈ ಈಗ ಖಾಲಿ ಇಲ್ಲ.

ನಿನ್ನಜ್ಜಿ ಹೇಳುತ್ತಿದ್ದುದು ನೆನಪಿದೆಯಲ್ಲ? ನಮ್ಮ ಹಿರಿಯರು ಈ ಮರದ ಮೂರ್ತಿಗೆ ಕಂಬಳಿ ಸುತ್ತಿ, ಗೋವೆಯಿಂದ ಉಪ್ಪಿನ ಬಂಡಿಯಲ್ಲಿ ತರುವಾಗ ಘಟ್ಟದ ಹಳ್ಳದಲ್ಲಿ ಬಂಡಿ ಮಗುಚಿತು. ತಾಯಿ ಸಿಕ್ಕಳು, ಕೈಯಲ್ಲಿದ್ದ ಬಾಲಯೇಸು ನೀರುಪಾಲಾದ. ಮೊದಲು ಹುಲ್ಲಿನ ಗುಡಿಸಲು ಹಾಕಿದರು, ಆಮೇಲೆ ಹಂಚಿನ ಗುಡಿಯಾಯಿತು. ಆ ಕೈ ಮಾತ್ರ ಹಾಗೆಯೇ ಖಾಲಿ ಉಳಿಯಿತು. "ಬೇಡಾಕ ಬ್ಯಾರೆ ದೇವರದಾವ, ಅಳಾಕ ಈಕಿ ಒಬ್ಬಾಕಿನ" ಅನ್ನುತ್ತಿದ್ದಳು ಅಜ್ಜಿ. ಕೂಸು ಕಳೆದುಕೊಂಡವರು ಯಾವ ಜಾತಿಯವರಾದರೂ ಬಂದು, ಆ ಕೈಗೆ ಕುಂಚಿಗೆ ಹಾಕಿ, ಅತ್ತು ಹೋಗುತ್ತಿದ್ದರು.

ಹೊಸ ಫಾದರ್ ಕೆಟ್ಟವರಲ್ಲ. ಪ್ರೀತಿಯಿಂದಲೇ ಹುಬ್ಬಳ್ಳಿಯ ಬಡಿಗನ ಕಡೆ ಬಾಲಯೇಸುವನ್ನು ಮಾಡಿಸಿ ತಂದು, ಸ್ಕ್ರೂ ಹಾಕಿ ಬಿಗಿಸಿದರು. ಗುಂಡು ಕೆನ್ನೆಯ ಮುದ್ದಾದ ಕೂಸು, ಸುಳ್ಳು ಯಾಕೆ ಹೇಳಲಿ. ನಾನು ಕೈಮುಗಿದು, "ನನ್ನ ಮಗಳು ಬಂದು ಹೋಗೂ ತನಕಾರ ತಗೀರಿ" ಅಂದೆ. "ದೇವಮಾತೆಯ ಕೈ ಖಾಲಿ ಇರಬಾರದು, ಅನ್ನವ್ವ" ಅಂದರು. ಹೋದ ವರ್ಷ ಮೊಮ್ಮಗಳನ್ನು ಮಣ್ಣಿಗಿಟ್ಟ ಬಾಜೂಮನೆ ಹನಮವ್ವ ಬಾಗಿಲಲ್ಲೇ ನಿಂತು ನೋಡಿದಳು. "ಆಕಿಗೆ ಕೂಸು ಸಿಕ್ತು, ಚಲೋ ಆತು ಬಿಡಬೇ. ಇನ್ನ ನಮ್ಮ ಸಂಗಾಟ ಅಳಾಕ ಯಾರದಾರ?" ಅಂದು, ಒಳಗೆ ಬರದೆ ಹೊರಟುಹೋದಳು. ನನಗೂ ಬತ್ತಿ ಹಚ್ಚುವ ಮನಸ್ಸಾಗಲಿಲ್ಲ.

ಆದರೂ ಬಾ ಮಗಳೇ. ಕುಂಚಿಗೆಯನ್ನೂ ತಾ. ಅಳಿಯಂದಿರು ಬೇಡವೆಂದರೆ ನನ್ನ ಹೆಸರು ಹೇಳು.

ನಿನ್ನ ದಾರಿ ಕಾಯುತ್ತಿರುವ ಅವ್ವ,
ಅನ್ನವ್ವ

ತಾ.ಕ.: ಬಾಲಯೇಸುವನ್ನು ಕೂರಿಸುವಾಗ ಹಳೆಯ ಕುಂಚಿಗೆಗಳನ್ನೆಲ್ಲ ತೆಗೆದು ಗುಡಿಯ ಹಿಂದೆ ಒಟ್ಟಿದ್ದರು. ಹುಡುಕಿ ಒಂದನ್ನು ಮನೆಗೆ ತಂದಿದ್ದೇನೆ. ಹಸಿರು ಖಣದ್ದು, ಅಂಚನ್ನು ಇಲಿ ಕಡಿದಿದೆ. ಹೊಲಿದವಳು ನಾನೇ. ನಿನಗಿಂತ ಮೊದಲು ನನಗೊಬ್ಬ ಮಗನಿದ್ದ, ಮಾರ್ತವ್ವ. ಆ ತಾಯಿ ಅವನನ್ನು ಎತ್ತಿಕೊಂಡಿದ್ದಾಳೆಂಬ ಧೈರ್ಯದಲ್ಲಿ ನಿನಗೆ ಹೇಳದೆ ಇಷ್ಟು ವರ್ಷ ನಡೆಸಿದೆ. ಈಗ ಆ ಕುಂಚಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ. ಬೇಗ ಬಾ. ನನಗೂ ಒಬ್ಬಳೇ ಅಳಲಾಗುತ್ತಿಲ್ಲ.