ಹಕ್ಕಿ ಪೈಪನ್ನು ಬಂದೂಕೆಂದು ಬರೆದವಳು

ಮಾನ್ಯ ವಿಚಾರಣಾಧಿಕಾರಿಗಳೇ,

ಇವತ್ತು ಬೆಳಿಗ್ಗೆ ನಮ್ಮ ಓಣಿಯ ಲಕ್ಕಪ್ಪ ಕಾಕಾ ಹಕ್ಕಿ ಓಡಿಸುವ ಪೈಪನ್ನು ಹೆಗಲ ಮೇಲಿಟ್ಟುಕೊಂಡು ಹೊಲಕ್ಕೆ ಹೊರಟಿದ್ದರು. ಪೈಪಿನ ತುದಿಗೆ ಗುಲಾಬಿ ಬಣ್ಣದ ರಿಬ್ಬನ್ ಕಟ್ಟಿತ್ತು. ಶಾಲೆಗೆ ಹೋಗುವ ಹುಡುಗಿಯರು ಜಡೆಗೆ ಕಟ್ಟಿಕೊಳ್ಳುವಂಥದ್ದು, ಹೂವಿನ ಹಾಗೆ ಗಂಟು ಹಾಕಿದ್ದು. ನಾನು ನೋಡುತ್ತ ನಿಂತದ್ದನ್ನು ಕಂಡು ಅವರೇ ಹೇಳಿದರು: “ಮೊಮ್ಮಗಳದವಾ. ದೂರದಿಂದನ ಗೊತ್ತಾಗ್ಲಿ ಅಂತ ಕಟ್ಟೇನಿ. ಬಂದೂಕಿಗೆ ಯಾರರ ರಿಬ್ಬನ್ ಕಟ್ತಾರೇನು?” ನಗಿಸಲೆಂದೇ ಹೇಳಿದರು. ನನಗೆ ನಗು ಬರಲಿಲ್ಲ. ಅವರಿಗೂ ಬರಲಿಲ್ಲ.

ನಮ್ಮೂರಿನ ಬೀರಲಿಂಗನನ್ನು ಅವನದೇ ಕಡಲೆ ಹೊಲದಲ್ಲಿ ಪೊಲೀಸರು ಗುಂಡಿಕ್ಕಿ ಕೊಂದು ಇಂದಿಗೆ ನಲವತ್ತೊಂದು ದಿನ. ಅವನ ಕೈಯಲ್ಲಿದ್ದದ್ದು ಇಂಥದೇ ಪೈಪು, ರಿಬ್ಬನ್ ಒಂದು ಇರಲಿಲ್ಲ. ಸರ್ಕಾರಿ ಕಾಗದದಲ್ಲಿ ಆ ಪೈಪು ‘ನಾಡಬಂದೂಕು’ ಆಗಿದೆ. ಹಾಗೆಂದು ಬರೆದ ಕೈ ಪೊಲೀಸರದಲ್ಲ, ನನ್ನದು. ಆದ್ದರಿಂದ ಈ ಪತ್ರದ ದೂರು ಅವರ ಮೇಲೆ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ.

ತಾವು ಹೊರಗಿನವರಾಗಿರಬಹುದು, ಅದಕ್ಕಾಗಿ ವಿವರಿಸುತ್ತೇನೆ. ನಮ್ಮೂರು ಇರುವುದು ಮಾಗಡಿ ಕೆರೆಯ ಆಚೆಗೆ. ಚಳಿಗಾಲದಲ್ಲಿ ಆ ಕೆರೆಗೆ ಬರುವ ಹೆಬ್ಬಾತುಗಳನ್ನು ನೋಡಲು ಗದಗಿನಿಂದ, ಹುಬ್ಬಳ್ಳಿಯಿಂದ ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಹಗಲೆಲ್ಲ ನೀರಿನ ಮೇಲೆ ಕೂತು ಫೋಟೊಕ್ಕೆ ಒದಗುವ ಆ ಹಕ್ಕಿಗಳು ಬೆಳಕು ಹರಿಯುವ ಹೊತ್ತಿಗೆ ಮೇಯುವುದು ನಮ್ಮ ಹೊಲಗಳಲ್ಲಿ. ಅವುಗಳಿಗೆ ಕಲ್ಲು ಬೀಸುವಂತಿಲ್ಲ, ಬೀಸುವ ಮನಸ್ಸೂ ಯಾರಿಗಿಲ್ಲ. ಅಷ್ಟು ದೂರದಿಂದ ಬಂದಿರುತ್ತವೆ. ಸದ್ದು ಮಾಡಿ ಎಬ್ಬಿಸುತ್ತೇವೆ, ಅಷ್ಟೆ. ಅದಕ್ಕೆ ಬೇಕಾದ್ದು ನಳಕ್ಕೆ ಹಾಕುವ ಪ್ಲಾಸ್ಟಿಕ್ ಪೈಪಿನ ಎರಡು ತುಂಡು, ಹಿಂದಕ್ಕೊಂದು ಮುಚ್ಚಳ, ಗ್ಯಾಸ್ ಒಲೆ ಹೊತ್ತಿಸುವ ಲೈಟರು. ಕಡಲೆಕಾಳಿನಷ್ಟು ಕಾರ್ಬೈಡ್ ಹಾಕಿ, ನಾಲ್ಕು ಹನಿ ನೀರು ಬಿಟ್ಟು ಲೈಟರ್ ಒತ್ತಿದರೆ ‘ಧಂ’ ಎನ್ನುತ್ತದೆ. ಸದ್ದಿನ ಹೊರತು ಅದರೊಳಗಿಂದ ಬೇರೇನೂ ಬರುವುದಿಲ್ಲ. ಲಕ್ಷ್ಮೇಶ್ವರದಲ್ಲಿ ನಳ ಜೋಡಿಸುವ ಅಯ್ಯೂಬ ಇವನ್ನು ಮಾಡಿಕೊಡುತ್ತಾನೆ. ನಮ್ಮ ಓಣಿಯಲ್ಲೇ ಹನ್ನೊಂದು ಮನೆಯಲ್ಲಿವೆ, ಪೊರಕೆಯ ಪಕ್ಕದಲ್ಲಿ ನಿಂತಿರುತ್ತವೆ.

ಆ ದಿನ ಬೇರೆ ಜಿಲ್ಲೆಯ ಪೊಲೀಸ್ ತಂಡವೊಂದು ಹೆದ್ದಾರಿ ದರೋಡೆಯ ಆರೋಪಿಯನ್ನು ಹುಡುಕುತ್ತ ನಮ್ಮ ಕಡೆ ಬಂದಿತ್ತು. ಅವನ ಮೊಬೈಲು ನಮ್ಮ ಟವರಿನಲ್ಲಿ ಸಿಕ್ಕಿತ್ತಂತೆ. ಟವರು ಒಂದೇ, ಅದರ ಕೆಳಗೆ ಆರು ಹಳ್ಳಿಗಳಿವೆ. ಬೆಳಿಗ್ಗೆ ಆರೂಕಾಲರ ಹೊತ್ತಿಗೆ ನಾನು ಮಾಳಿಗೆಯ ಮೇಲೆ ನಿಂತು ಹಲ್ಲುಜ್ಜುತ್ತಿದ್ದೆ. ಹೊಲಗಳ ಮೇಲೆ ಇನ್ನೂ ಮಂಜಿತ್ತು. ಎರಡು ಸದ್ದು ಕೇಳಿದವು. ಒಣ, ತೆಳು ಸದ್ದು, ಒಂದರ ಬೆನ್ನಿಗೆ ಒಂದು, ನಡುವೆ ಉಸಿರೆಳೆದುಕೊಳ್ಳುವಷ್ಟೂ ಬಿಡುವಿಲ್ಲ. ಪೈಪಿನ ಸದ್ದು ಹಾಗಿರುವುದಿಲ್ಲ, ಅದು ಹೊಟ್ಟೆಯೊಳಗೆ ಕೇಳಿಸುತ್ತದೆ. ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ಕೆರೆಯ ಕಡೆ ಹೋದವು. ಯಾರೋ ಪಟಾಕಿ ಹಚ್ಚಿದರೆಂದುಕೊಂಡು ನಾನು ಬಾಯಿ ತೊಳೆದುಕೊಂಡೆ.

ಇಲಾಖೆಯ ಪತ್ರಿಕಾ ಪ್ರಕಟಣೆಯ ಪ್ರಕಾರ ಮೂರು ಸದ್ದು ಆಗಬೇಕಿತ್ತು. ಮೊದಲು ಬೀರಲಿಂಗ ಗುಂಡು ಹಾರಿಸಿದ. ಪೊಲೀಸರು ಶರಣಾಗು ಎಂದು ಎಚ್ಚರಿಸಿ ಗಾಳಿಯಲ್ಲಿ ಒಂದು ಗುಂಡು ಹಾರಿಸಿದರು. ಅವನು ಮತ್ತೆ ಗುರಿಯಿಟ್ಟಾಗ ಅನಿವಾರ್ಯವಾಗಿ, ಆತ್ಮರಕ್ಷಣೆಗಾಗಿ ಇನ್ನೊಂದು. ಎಚ್ಚರಿಕೆ ಕೊಟ್ಟದ್ದು, ಅದನ್ನು ಅವನು ಕೇಳಿದ್ದು, ತಿರಸ್ಕರಿಸಿದ್ದು, ಮತ್ತೆ ಗುರಿಯಿಟ್ಟದ್ದು, ಇಷ್ಟೆಲ್ಲವೂ ನನಗೆ ಕೇಳಿದ ಆ ಎರಡು ಸದ್ದುಗಳ ನಡುವೆಯೇ ನಡೆದಿರಬೇಕು. ಮಾನ್ಯರೇ, ಅಷ್ಟು ಚುರುಕಾಗಿ ಶರಣಾಗಲು ನಮ್ಮೂರಿನಲ್ಲಿ ಯಾರಿಗೆ ತಾನೇ ಅಭ್ಯಾಸವಿದೆ?

ಎಂಟು ಗಂಟೆಗೆ ನಮ್ಮ ಮನೆಯ ಮುಂದೆ ಜೀಪು ನಿಂತಿತು. ಪಂಚನಾಮೆಗೆ ಇಬ್ಬರು ಪಂಚರು ಬೇಕಾಗಿದ್ದರು. ಪಂಚಾಯಿತಿಯಲ್ಲಿ ನೀರು ಬಿಡುವ ಅಂದಾನಪ್ಪ ಆಗಲೇ ಜೀಪಿನಲ್ಲಿದ್ದ. ಕನ್ನಡ ಎಂ.ಎ. ಓದಿದ ಹುಡುಗಿಯೊಬ್ಬಳಿದ್ದಾಳೆಂದು ಯಾರೋ ಹೇಳಿದ್ದರಂತೆ. ನಾನು ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ಬಾಯಿ ತೆರೆಯದೆ ಕೈ ಎತ್ತುತ್ತಿದ್ದವಳು. ಒಲ್ಲೆ ಎನ್ನದೆ ಚಪ್ಪಲಿ ಮೆಟ್ಟಿ ಜೀಪು ಹತ್ತಿದೆ.

ಹೊಲದಲ್ಲಿ ಬೀರಲಿಂಗ ಅಂಗಾತ ಮಲಗಿದ್ದ. ಮುಖದ ಮೇಲೆ ಅವನದೇ ಟವೆಲ್ಲು ಹೊದಿಸಿದ್ದರು. ಹಿರಿಯ ಅಧಿಕಾರಿಯ ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರಲಿಲ್ಲ. “ಮೇಡಂ, ನಿಮ್ಮ ಅಕ್ಷರ ಚೆನ್ನಾಗಿದೆಯಂತೆ. ನಾನ್ ಹೇಳ್ತಾ ಹೋಗ್ತೀನಿ, ನೀವು ಬರ್ಕೊಂಡ್ ಹೋಗಿ,” ಎಂದರು. ಗುಂಡು ಹಾರಿಸಿದ ಸಬ್ ಇನ್ಸ್‌ಪೆಕ್ಟರು ಬದುವಿನ ಮೇಲೆ ಕೂತಿದ್ದರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ನನ್ನ ನೀರಿನ ಬಾಟಲಿ ಕೊಟ್ಟೆ. ಮುಚ್ಚಳ ತೆಗೆಯಲು ಅವರಿಂದಾಗಲಿಲ್ಲ, ನಾನೇ ತೆಗೆದುಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು ಮೆಲ್ಲಗೆ ಕೇಳಿದರು: “ಅದು ಗನ್ ಥರಾನೇ ಇದೆ ಅಲ್ವಾ ಮೇಡಂ? ನೀವೇ ಹೇಳಿ.”

ನಾನು ತಲೆಯಾಡಿಸಿದೆ.

ಹೌದೆಂದು ಒಪ್ಪಿ ಅಲ್ಲ. ಎದುರಿಗಿರುವವರು ಸಂಕಟದಲ್ಲಿದ್ದರೆ ನಾನು ತಲೆಯಾಡಿಸುತ್ತೇನೆ, ಚಿಕ್ಕಂದಿನಿಂದ ಹಾಗೆಯೇ. ಹಿರಿಯ ಅಧಿಕಾರಿ ಅದನ್ನು ನೋಡಿದರು, ಕೂಡಲೇ ಹೇಳಿ ಬರೆಸಿದರು: ‘ಪಂಚರು ಸದರಿ ವಸ್ತುವನ್ನು ನಾಡಬಂದೂಕೆಂದು ಗುರುತಿಸಿರುತ್ತಾರೆ.’ ನಾನು ಬರೆದೆ. ಹೊತ್ತು ಮುಳುಗಿದ ಮೇಲೂ ಇಂಥ ಪೈಪಿನ ಜೊತೆ ಆಡಿ ಬೆಳೆದ ಹುಡುಗಿ, ದುಂಡಗೆ, ಒತ್ತಕ್ಷರವೂ ತಪ್ಪದಂತೆ ಬರೆದೆ.

ಆಮೇಲೆ ಪೇದೆಯೊಬ್ಬ ಬೀರಲಿಂಗನ ಅಂಗಿಯ ಜೇಬಿನಿಂದ ಒಂದೊಂದೇ ತೆಗೆದು ತೋರಿಸಿದ. ಮೊಬೈಲು, ಎಲೆಯಡಿಕೆಯ ಸಂಚಿ, ಸಣ್ಣದೊಂದು ಪ್ಲಾಸ್ಟಿಕ್ ಪೊಟ್ಟಣ. ಪೊಟ್ಟಣದ ಬಾಯಿಗೆ ನೀಲಿ ನೂಲು ಸುತ್ತಿ ಮೂರು ಗಂಟು ಹಾಕಿತ್ತು. ಅದು ಬೀರಲಿಂಗನ ಹೆಂಡತಿ ರೇಷ್ಮಾಳ ಗಂಟು. ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ಕಾರ್ಬೈಡಿಗೆ ಕೈ ಹಾಕಿಯಾಳೆಂದು ಹೊಲಿಗೆಯ ನೂಲಿನಿಂದ ಬಿಗಿದಿಡುತ್ತಾಳೆ. ಬೀರಲಿಂಗ ಓಣಿಯಲ್ಲಿ ಎಲ್ಲರೆದುರು ಅವಳನ್ನು ಕಾಡಿಸುತ್ತಿದ್ದ: “ಇಕಿ ಹಾಕಿದ ಗಂಟ ನಾ ಬಿಚ್ಚೂದ್ರಾಗ ಹಕ್ಕಿ ಉಂಡು ಕೈ ತೊಳಕೊಂಡು ಹೋಗಿರ್ತಾವ.” ಅವಳು ಒಳಗಿನಿಂದಲೇ ಅನ್ನುವಳು: “ಹಲ್ಲ ಅದಾವಲ್ಲ, ಕಡದು ಬಿಚ್ಚರಿ. ಬರೇ ಅಡಕಿ ತಿನ್ನಾಕ ಏನು?”

ಆ ಗಂಟು ಬಿಚ್ಚಿರಲಿಲ್ಲ, ಮಾನ್ಯರೇ. ನೂಲು ಹೇಗಿತ್ತೋ ಹಾಗೆಯೇ ಇತ್ತು. ಗಂಟು ಬಿಚ್ಚದೆ ಪೈಪಿಗೆ ಕಾರ್ಬೈಡ್ ಇಲ್ಲ, ಕಾರ್ಬೈಡ್ ಇಲ್ಲದೆ ಸದ್ದಿಲ್ಲ. ಮೊದಲು ಗುಂಡು ಹಾರಿಸಿದನೆನ್ನುವ ಮನುಷ್ಯ ಇನ್ನೂ ಹಕ್ಕಿ ಎಬ್ಬಿಸಲು ಕೂಡ ಸಿದ್ಧನಾಗಿರಲಿಲ್ಲ.

ನನ್ನ ಪೆನ್ನು ನಿಂತಿತು. “ಸರ್, ಅದು…” ಎಂದೆ. ಅವರು ನೋಡಿ, “ಸುಣ್ಣ ಇರ್ಬೇಕು ಬಿಡಿ. ಮುಂದಕ್ಕೆ ಬರೀರಿ ಮೇಡಂ, ಬಿಸಿಲಾಗ್ತಿದೆ,” ಎಂದರು. ನಾನು ಮುಂದಕ್ಕೆ ಬರೆದೆ. ಪಂಚನಾಮೆಯಲ್ಲಿ ಮೊಬೈಲು ಇದೆ, ಸಂಚಿ ಇದೆ, ಅವನ ಚಪ್ಪಲಿಯ ಬಣ್ಣ ಕೂಡ ಇದೆ. ಪೊಟ್ಟಣ ಇಲ್ಲ. ಅದು ಈಗ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಪೇದೆ ಅದನ್ನು ಮತ್ತೆ ಬೀರಲಿಂಗನ ಜೇಬಿಗೇ ತುರುಕಿದ್ದನ್ನು ಮಾತ್ರ ನೋಡಿದೆ.

ನಂತರ ನಡೆದದ್ದು ತಮಗೂ ತಿಳಿದಿರಬೇಕು. ಹುಡುಕುತ್ತಿದ್ದ ಅಸಲು ಆರೋಪಿ ಎಂಟು ದಿನದ ಮೇಲೆ ಮುಂಡರಗಿಯ ಚಹಾದಂಗಡಿಯೊಂದರಲ್ಲಿ ಸಿಕ್ಕ, ಚಹಾ ಮುಗಿಸಿ ತಾನೇ ನಡೆದು ಹೋಗಿ ಜೀಪು ಹತ್ತಿದನಂತೆ. ಅವನ ಹತ್ತಿರ ಯಾವ ಬಂದೂಕೂ ಇರಲಿಲ್ಲ. ಸಬ್ ಇನ್ಸ್‌ಪೆಕ್ಟರಿಗೆ ಆಡಳಿತಾತ್ಮಕ ಕಾರಣಗಳಿಂದ ವರ್ಗಾವಣೆಯಾಯಿತು. ಒಬ್ಬ ಮನುಷ್ಯ ಸತ್ತದ್ದು ಆಡಳಿತದ ಯಾವ ವಿಭಾಗಕ್ಕೆ ಸೇರುತ್ತದೆಂದು ತಿಳಿದವರು ಯಾರಾದರೂ ಹೇಳಲಿ. ಅಯ್ಯೂಬನನ್ನು ಆಯುಧ ತಯಾರಕನೆಂದು ಎರಡು ದಿನ ಕೂರಿಸಿಕೊಂಡರು. ಬಿಟ್ಟ ಮೇಲೆ ನಮ್ಮ ಓಣಿಗೆ ಬಂದು ಬೀರಲಿಂಗನ ಮನೆಯ ಕಟ್ಟೆಯ ಮೇಲೆ ಕೂತು ಅಂದ: “ಅಕ್ಕಾರ, ನಾ ಬಂದೂಕ ಮಾಡವಾ ಆಗಿದ್ರ ಮಂದಿ ಬಚ್ಚಲದ ನಳಾ ಯಾಕ ಜೋಡಸ್ತಿದ್ನಿರಿ? ಅವ್ರು ಏನ ಕೇಳಿದ್ರೂ ನಂದ ಒಂದ ಮಾತು, ಸಾಹೇಬ್ರ, ಊದಿ ನೋಡ್ರಿ, ಪೀಪಿ ಆಕ್ಕೈತಿ ಅಂದೆ.” ಅಂದವನೇ ಮುಖ ಮುಚ್ಚಿಕೊಂಡು ಅತ್ತ.

ಊರೂರಿನಲ್ಲಿ ಚರ್ಚೆ ನಡೆದಿದೆ. ಮೊಬೈಲಿನಲ್ಲಿ ಕೆಲವರು ಪೊಲೀಸರಿಗೆ ಹಾರ ಹಾಕುವ ಚಿತ್ರ ಕಳಿಸುತ್ತಾರೆ, ಕೆಲವರು ನೇಣು ಹಾಕುವ ಚಿತ್ರ. ಹೋದ ವಾರ ಶಿರಹಟ್ಟಿಯಿಂದ ಗದಗಿಗೆ ಹೋಗುವ ಬಸ್ಸಿನಲ್ಲಿ ಇಸ್ತ್ರಿ ಅಂಗಿಯ ಒಬ್ಬರು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು: “ಪೊಲೀಸ್ರೇನು ಸುಮ್ಮಸುಮ್ಮನ ಹೊಡೀತಾರೇನ್ರಿ? ಅವನ ಕಡೆ ಏನರ ಇದ್ದs ಇರತೈತಿ.” ಮುಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಮುದುಕಿ ತಿರುಗಿ, “ಇತ್ತಲ್ಲೋ ಯಪ್ಪಾ, ಕಡ್ಲಿ ಇತ್ತು. ಹೋಗಿ ನೋಡು, ಹಕ್ಕಿ ತಿಂದು ಉಳದದ್ದು ಇನ್ನೂ ಐತಿ,” ಎಂದಳು.  ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಆ ಬಸ್ಸಿನಲ್ಲಿ ಉತ್ತರ ಗೊತ್ತಿದ್ದವಳು ನಾನೊಬ್ಬಳೇ.

ಹದಿನೈದು ದಿನದ ಕೆಳಗೆ ಬೀರಲಿಂಗನ ತಾಯಿ ಮುದುಕವ್ವ ನಮ್ಮ ಮನೆಗೆ ಬಂದಳು. ವಕೀಲರು ಕೊಟ್ಟ ಪಂಚನಾಮೆಯ ಝೆರಾಕ್ಸ್ ಪ್ರತಿಯನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಳು. “ನೀ ಓದಾಕಿ. ನನ್ನ ಮಗನ ಬಗ್ಗೆ ಏನ ಬರದಾರ ಅಂತ ಓದಿ ಹೇಳವಾ,” ಎಂದು ನೆಲದ ಮೇಲೆ ಕೂತಳು. ನಾನು ಹಾಳೆ ಬಿಡಿಸಿದೆ. ಅವಳು ಬಗ್ಗಿ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಓದಲು ಬಾರದವಳು. “ಎಷ್ಟ ದುಂಡಗ ಬರದಾರ ನೋಡs. ಪುಣ್ಯಾತ್ಮರು ಯಾರೋ, ಅವಗೊಂದು ಮರ್ಯಾದಿ ಕೊಟ್ಟು ಬರದಾರ.”

ನಾನು ಓದಿದೆ. ಹೊಲದ ಚೆಕ್ಕುಬಂದಿ ಓದಿದೆ, ಚಪ್ಪಲಿಯ ಬಣ್ಣ ಓದಿದೆ. ಬಂದೂಕು ಎಂದಿದ್ದಲ್ಲಿ ಪೈಪು ಎಂದು ಓದಿದೆ. ಕೊನೆಯಲ್ಲಿ ಪಂಚರ ಹೆಸರು ಬಂದಾಗ ಅಂದಾನಪ್ಪನ ಹೆಸರು ಓದಿ ಹಾಳೆ ಮಡಚಿದೆ. ಅವಳು ನನ್ನ ಗಲ್ಲ ಸವರಿ, “ನಿನ್ನ ಹೊಟ್ಟಿ ತಣ್ಣಗಿರ್ಲಿ,” ಎಂದು ಹೋದಳು. ಆ ದಿನದಿಂದ ನಾನು ಒಂದು ಅಕ್ಷರವನ್ನೂ ಬರೆದಿಲ್ಲ. ಈ ಪತ್ರವೇ ಮೊದಲು.

ಆ ಯುವ ಅಧಿಕಾರಿಯನ್ನು ಗಲ್ಲಿಗೇರಿಸಿ ಎಂದು ನಾನು ಕೇಳುತ್ತಿಲ್ಲ. ಅವರು ಬಾಟಲಿಯ ಮುಚ್ಚಳ ತೆಗೆಯಲಾರದೆ ಕೂತದ್ದನ್ನು ಕಂಡಿದ್ದೇನೆ. ಮಂಜಿನಲ್ಲಿ ಪೈಪು ಬಂದೂಕಿನಂತೆ ಕಂಡಿರಬಹುದು. ಹಾಗೆ ಕಂಡದ್ದಕ್ಕೂ, ಕೂಗಿ ಕೇಳದೆಯೇ ಗುಂಡು ಹಾರಿಸಿದ್ದಕ್ಕೂ ಅವರು ನ್ಯಾಯಾಲಯದ ಮುಂದೆ ನಿಂತು ಉತ್ತರ ಕೊಡಬೇಕು. ಬೇರೆ ಯಾವ ಮನುಷ್ಯ ಇನ್ನೊಬ್ಬನನ್ನು ಕೊಂದರೂ ಹಾಗೆಯೇ ನಿಲ್ಲಬೇಕಲ್ಲವೇ? ಆದರೆ ಮಂಜಿನಲ್ಲಿ ಆದ ತಪ್ಪು ಒಂದು. ಅದನ್ನು ಸರಿಯೆನಿಸಲು ಆಮೇಲೆ ಬರೆದದ್ದು ಇನ್ನೊಂದು. ಎರಡನೆಯದಕ್ಕೆ ಮಂಜಿನ ನೆಪವಿಲ್ಲ. ಅದನ್ನು ನಾವು ಎಂಟು ಗಂಟೆಯ ನಿಚ್ಚಳ ಬಿಸಿಲಿನಲ್ಲಿ ಮಾಡಿದೆವು. ಹೇಳಿದವರು ಒಬ್ಬರು, ಬರೆದವಳು ಒಬ್ಬಳು, ಸಹಿ ಹಾಕಿದವರು ಇಬ್ಬರು.

ಹೀಗಾಗಿ ನಾನು ಬೇಡುವುದಿಷ್ಟು. ಆಸ್ಪತ್ರೆಯಲ್ಲಿ ಬೀರಲಿಂಗನ ಬಟ್ಟೆ ಬಿಚ್ಚಿದಾಗ ಏನೇನು ಸಿಕ್ಕಿತೆಂಬ ಪಟ್ಟಿಯನ್ನು ತರಿಸಿ, ನೀಲಿ ನೂಲಿನ ಪೊಟ್ಟಣವನ್ನು ಹುಡುಕಿಸಿ. ಪೈಪು ಆ ದಿನ ಸದ್ದು ಮಾಡಿತ್ತೇ ಎಂದು ಪ್ರಯೋಗಾಲಯದಿಂದ ತಿಳಿಯಿರಿ. ಗುಂಡು ಹಾರಿಸಿದವರ ತನಿಖೆಯನ್ನು ಅವರ ಜೊತೆಗೇ ಊಟ ಮಾಡುವವರ ಕೈಗೆ ಕೊಡಬೇಡಿ. ಮತ್ತು ‘ಪಂಚರು ಗುರುತಿಸಿರುತ್ತಾರೆ’ ಎಂಬ ಸಾಲನ್ನು ನಂಬಬೇಡಿ. ಆ ಪಂಚರಲ್ಲೊಬ್ಬಳೇ ಹೇಳುತ್ತಿದ್ದಾಳೆ. ನನ್ನ ಬರಹದ ವಿರುದ್ಧ ನನ್ನ ಮಾತನ್ನು ತಾವು ದಾಖಲಿಸಿಕೊಳ್ಳಬೇಕು. ಸುಳ್ಳು ಬರೆದದ್ದಕ್ಕೆ ನನಗೇನು ಶಿಕ್ಷೆಯಿದೆಯೋ ಅದನ್ನೂ ಅದೇ ಕಾಗದದಲ್ಲಿ ಬರೆದುಕೊಳ್ಳಿ.

ಘಟನೆಯ ಮಾಹಿತಿ ಇರುವವರು ಸೋಮವಾರ ಹತ್ತು ಗಂಟೆಗೆ ತಮ್ಮ ಕಚೇರಿಗೆ ಹಾಜರಾಗಬೇಕೆಂಬ ನೋಟಿಸನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿದ್ದೀರಿ. ಬರುತ್ತೇನೆ. ಧ್ವನಿ ಸಣ್ಣದು, ಸ್ವಲ್ಪ ಬಗ್ಗಿ ಕೇಳಿಸಿಕೊಳ್ಳಬೇಕಾದೀತು.

ಆದರೆ ಅದಕ್ಕೂ ಮೊದಲು, ಪತ್ರಿಕೆಗೂ ಕಳಿಸುತ್ತಿರುವ ಈ ಪತ್ರ ಅಚ್ಚಾಗಿ ಊರಿಗೆ ಬರುವ ಮೊದಲು, ಇವತ್ತು ಸಂಜೆ ಮುದುಕವ್ವನ ಮನೆಗೆ ಹೋಗುತ್ತೇನೆ. ಅವಳ ಎದುರು, ರೇಷ್ಮಾಳ ಎದುರು ಕೂತು, ಆ ಹಾಳೆಯನ್ನು ಇನ್ನೊಮ್ಮೆ ಬಿಡಿಸುತ್ತೇನೆ. ಬಂದೂಕು ಎಂದಿರುವಲ್ಲಿ ಬಂದೂಕು ಎಂದೇ ಓದುತ್ತೇನೆ. ಕೊನೆಯ ಸಾಲನ್ನೂ ಓದುತ್ತೇನೆ.

ಇಂತಿ,
ಹೇಳಿದ್ದನ್ನೆಲ್ಲ ದುಂಡಗೆ ಬರೆದುಕೊಟ್ಟ
ವಿದ್ಯಾಶ್ರೀ
ಪಂಚರಲ್ಲಿ ಎರಡನೆಯವಳು