ಕೆಳಗಿನ ಸೀಲು

ರೊಸ್ಮಾದಿ,

ನಾಳೆ ರಂಜಾನ್ ಹಬ್ಬಕ್ಕೆ ನಮ್ಮೂರು ತೈಪಿಂಗಿಗೆ ಹೊರಡಬೇಕೆಂದು ಇವತ್ತು ಮನೆಯಂಗಳದಲ್ಲೇ ಕಾರಿನ ಟೈಮಿಂಗ್ ಬೆಲ್ಟ್ ಬಿಚ್ಚಿದೆ. ಆರು ವರ್ಷದ ಹಿಂದೆ ನಾವಿಬ್ಬರೂ ಕೂತು ಮಾಡಿದ್ದ ಅದೇ ಕೆಲಸ. ಎಣ್ಣೆ ತಡೆಯುವ ಎರಡು ರಬ್ಬರ್ ಬಳೆಗಳಲ್ಲಿ ಕೆಳಗಿನ ಕ್ರ್ಯಾಂಕ್ ಸೀಲನ್ನು ನೀನು ಕೂರಿಸಿದ್ದೆ, ಮೇಲಿನ ಕ್ಯಾಮ್ ಸೀಲನ್ನು ನಾನು. ಆಮೇಲೆ ಕೆಳಗೆ ಎಣ್ಣೆ ಸೋರತೊಡಗಿದಾಗ ಕಾಫಿ ಅಂಗಡಿಯಲ್ಲಿ ನಾನು ಎಲ್ಲರೆದುರು ನಿನ್ನನ್ನು ತೋರಿಸಿ, "ಪಂಕ್ಚರ್ ಹಾಕೋನ ಕೈಗೆ ಎಂಜಿನ್ ಕೊಟ್ಟೆ ನೋಡಿ" ಎಂದಿದ್ದೆ.

ಇವತ್ತು ಒರೆಸಿ ನೋಡಿದೆ. ಎಣ್ಣೆ ಇಳಿದದ್ದು ಮೇಲಿನ ನನ್ನ ಸೀಲಿನಿಂದ. ನಿನ್ನದು ಒಂದು ಹನಿಯೂ ಬಿಟ್ಟಿರಲಿಲ್ಲ.

ಎರಡಕ್ಕೂ ಹೊಸದು ಹಾಕಿದೆ. "ಹಳೇವು ಎಸೀಲಾ?" ಎಂದಳು ಹೆಂಡತಿ.

"ಕೆಳಗಿಂದು ಇರ್ಲಿ."

ನಾಳೆ ನಿನ್ನ ಗೋರಿಗೆ ಬರುತ್ತೇನೆ. ಆ ವರ್ಷದ ಹಬ್ಬಕ್ಕೆ ನೀನೇ ಬಂದು ನನ್ನ ಕೈ ಹಿಡಿದು, "ತಪ್ಪಾಗಿದ್ರೆ ಮನ್ನಿಸಣ್ಣ" ಎಂದಿದ್ದೆ.

ನಾನು ಮನ್ನಿಸಿದ್ದೆ.